ಹದಿನೈದು ಸೆಕೆಂಡ್ ಉಳಿದಾಗ: ಜ್ಯಾರೆಡ್ ಗಾಫ್‌ನನ್ನು ಅಳೆದವರ ಚರಿತ್ರೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡಿದೀರಾ? ಒಳ್ಳೇದಾಯ್ತು. ಇವತ್ತಿನ ಕಥೆನೂ ಕಿವಿಯೊಳಗಿನ ಒಂದು ದನಿಯದ್ದೇ.

2024ರ ಜನವರಿ 15. ಸಂಕ್ರಾಂತಿ. ಬೆಳಗ್ಗೆ ಆರೂವರೆಯಿಂದ ನಾನು ಫೋನ್ ಹಿಡ್ಕೊಂಡು ಅಮೆರಿಕದ ಡೆಟ್ರಾಯಿಟ್ ನಗರದ ಒಂದು ಫುಟ್‌ಬಾಲ್ ಪಂದ್ಯ ನೋಡ್ತಾ ಕೂತಿದ್ದೆ. ಅಲ್ಲಿ ಇನ್ನೂ ಭಾನುವಾರ ರಾತ್ರಿ. ಕ್ರೀಡಾಂಗಣದ ಜನವೆಲ್ಲ ಒಂದೇ ಹೆಸರು ಕೂಗ್ತಿದ್ರು: "ಜ್ಯಾರೆಡ್ ಗಾಫ್! ಜ್ಯಾರೆಡ್ ಗಾಫ್!" ಎಳ್ಳು ಬೆಲ್ಲ ಬೆರೆಸ್ತಿದ್ದ ಅಮ್ಮ ಇಣುಕಿ ನೋಡಿ, "ಯಾರೋ ಅವನು, ಅಷ್ಟೊಂದು ಕೂಗ್ತಾರೆ?" ಅಂದ್ರು. "ಎದುರಿಗಿರೋ ಟೀಮೇ ಇವನನ್ನ ಬೇಡ ಅಂತ ಕಳಿಸಿತ್ತಮ್ಮ" ಅಂದೆ. "ಹಂಗಾದ್ರೆ ಕೂಗ್ಲಿ ಬಿಡು" ಅಂತ ಒಳಗೆ ಹೋದ್ರು.

ಅಮ್ಮನಿಗೆ ನಾನು ಹೇಳದೇ ಇದ್ದ ಮಾತು ಒಂದಿದೆ. ಅದಕ್ಕೂ ಏಳು ವರ್ಷ ಮೊದಲು ನಾನೂ ಅವನನ್ನ ಬೇಡ ಅಂದಿದ್ದೆ. 2016ರ ಡಿಸೆಂಬರ್‌ನಲ್ಲಿ ಸ್ನೇಹಿತರ ವಾಟ್ಸಾಪ್ ಗ್ರೂಪಿನಲ್ಲಿ "ಇವನ ಕಥೆ ಮುಗೀತು" ಅಂತ ಬರೆದಿದ್ದೆ. ಒಬ್ಬ ಹುಡುಗನ ಸಾಮರ್ಥ್ಯವನ್ನ ಅಷ್ಟು ಬೇಗ ಅಳೆಯೋಕೆ ಆಗುತ್ತಾ? ಹೊಸ ಕೋಚ್ ಬಂದಾಗ ಬದಲಾಗೋದು ಏನು? ಇವತ್ತಿನ ಪ್ರಶ್ನೆ ಇದು.

ಮೊದಲು ಆಟದ ಬಗ್ಗೆ ಎರಡು ಮಾತು. ಇದು ನಮ್ಮ ಕಾಲ್ಚೆಂಡಲ್ಲ, ಅಮೆರಿಕನ್ ಫುಟ್‌ಬಾಲ್. ಒಂದೊಂದು ಕಡೆ 11 ಜನ. ದಾಳಿ ಮಾಡೋ ತಂಡದಲ್ಲಿ ಚೆಂಡು ಮೊದಲು ಬರೋದು ಹೆಚ್ಚುಕಡಿಮೆ ಯಾವಾಗಲೂ ಕ್ವಾರ್ಟರ್‌ಬ್ಯಾಕ್ ಕೈಗೆ. ಆಮೇಲೆ ಅವನಿಗೆ ಸಿಗೋದು ಎರಡು ಮೂರು ಸೆಕೆಂಡ್. ಅಷ್ಟರಲ್ಲಿ ಎದುರಾಳಿಗಳು ಮೈಮೇಲೆ ಬರ್ತಾರೆ. ಯಾರಿಗೆ ಎಸೀಬೇಕು, ಎಸೀಬಾರದು ಅಂತ ಅಷ್ಟರೊಳಗೆ ತೀರ್ಮಾನ ಆಗ್ಬೇಕು. ಕ್ರಿಕೆಟ್‌ಗೆ ಹೋಲಿಸೋದಾದ್ರೆ ನಾಯಕ, ಓಪನರ್, ವಿಕೆಟ್ ಕೀಪರ್ ಮೂರೂ ಒಬ್ಬನೇ ಆದ ಹಾಗೆ.

ಗಾಫ್ ಕ್ಯಾಲಿಫೋರ್ನಿಯಾದ ಹುಡುಗ, ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಆಡಿದವನು. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಪ್ರತಿ ವರ್ಷ ಡ್ರಾಫ್ಟ್ ನಡೆಯುತ್ತೆ. ಕಾಲೇಜಿನಿಂದ ಬರೋ ಆಟಗಾರರನ್ನ ತಂಡಗಳು ಸರದಿಯ ಪ್ರಕಾರ ಆರಿಸ್ಕೊಳ್ತವೆ. 2016ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ 15ನೇ ಸ್ಥಾನದಲ್ಲಿತ್ತು. ತನ್ನ ಹಲವು ಸರದಿಗಳನ್ನ ಬಿಟ್ಟುಕೊಟ್ಟು ಮೊದಲ ಸ್ಥಾನಕ್ಕೆ ಹೋಗಿ ಗಾಫ್‌ನನ್ನ ತಗೊಂಡಿತು. ಆಗ ಅವನಿಗೆ 21 ವರ್ಷ.

ಆಗಿನ ಕೋಚ್ ಜೆಫ್ ಫಿಶರ್. ಸೀಸನ್ನಿನ ಮೊದಲ 9 ಪಂದ್ಯಗಳಲ್ಲಿ ಕೇಸ್ ಕೀನಮ್ ಆಡಿದ, ಗಾಫ್ ಹೊರಗೆ ಕೂತಿದ್ದ. ಕೊನೆಯ 7 ಪಂದ್ಯ ಗಾಫ್‌ಗೆ ಸಿಕ್ತು. ಏಳಕ್ಕೆ ಏಳೂ ಸೋಲು. 5 ಟಚ್‌ಡೌನ್ ಪಾಸ್, 7 ಇಂಟರ್‌ಸೆಪ್ಷನ್, ಅಂದ್ರೆ 7 ಸಲ ಚೆಂಡು ನೇರವಾಗಿ ಎದುರಾಳಿ ಕೈಗೆ. 26 ಸಲ ಅವನನ್ನ ಚೆಂಡಿನ ಸಮೇತ ನೆಲಕ್ಕೆ ಕೆಡವಿದ್ರು. ಆ ವರ್ಷ ಇಡೀ ಲೀಗಿನ 32 ತಂಡಗಳಲ್ಲಿ ಅತಿ ಕಡಿಮೆ ಅಂಕ ಗಳಿಸಿದ ತಂಡ ರ‍್ಯಾಮ್ಸ್: 224. ಡಿಸೆಂಬರ್ 12ಕ್ಕೆ ಫಿಶರ್ ಕೆಲಸ ಹೋಯ್ತು. ನಾನು ಆ ಮೆಸೇಜ್ ಬರೆದದ್ದು ಆಗಲೇ.

ಒಂದು ತಿಂಗಳಾದ ಮೇಲೆ ಹೊಸ ಕೋಚ್ ಬಂದರು, ಶಾನ್ ಮೆಕ್‌ವೇ. ವಯಸ್ಸು 30. ಆಧುನಿಕ ಎನ್‌ಎಫ್‌ಎಲ್ ಚರಿತ್ರೆಯಲ್ಲಿ ಅಷ್ಟು ಚಿಕ್ಕ ವಯಸ್ಸಿನ ಮುಖ್ಯ ಕೋಚ್ ಅದುವರೆಗೆ ಇರಲಿಲ್ಲ. ಇವರ ಅಜ್ಜ ಜಾನ್ ಮೆಕ್‌ವೇ ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ತಂಡದ ಆಡಳಿತದಲ್ಲಿ ದೊಡ್ಡ ಸ್ಥಾನದಲ್ಲಿದ್ದವರು. ಅವರ ಕಾಲದಲ್ಲೇ, 1987ರಲ್ಲಿ, ಆ ತಂಡದ ಕೋಚ್ ಬಿಲ್ ವಾಲ್ಶ್ ಇನ್ನೊಂದು ಊರಿನವರು ಸಾಕು ಅಂದಿದ್ದ ಒಬ್ಬ ಹುಡುಗನನ್ನ ಕರ್ಕೊಂಡು ಬಂದಿದ್ರು. ಅವನು ಸ್ಟೀವ್ ಯಂಗ್. ಟ್ಯಾಂಪಾ ಬೇ ತಂಡದಲ್ಲಿ ಶುರುವಿನಿಂದ ಆಡಿದ 19 ಪಂದ್ಯಗಳಲ್ಲಿ ಗೆದ್ದದ್ದು 3. ಅದೇ ಯಂಗ್ ಮುಂದೆ ಎರಡು ಸಲ ಲೀಗಿನ ಶ್ರೇಷ್ಠ ಆಟಗಾರನಾದ. 1995ರ ಜನವರಿಯ ಸೂಪರ್ ಬೌಲ್ ಒಂದರಲ್ಲೇ 6 ಟಚ್‌ಡೌನ್ ಪಾಸ್ ಎಸೆದ. ಹಾಗಾಗಿ, ಸೋತ ತಂಡದ ಲೆಕ್ಕ ಆ ಹುಡುಗನ ಪೂರ್ತಿ ಲೆಕ್ಕ ಅಲ್ಲ ಅನ್ನೋದು ಮೊಮ್ಮಗ ಮೆಕ್‌ವೇ ಮನೆಯ ಚರಿತ್ರೆಯಲ್ಲೇ ಇತ್ತು.

ಈಗ ಕಿವಿಯ ದನಿಗೆ ಬರೋಣ. ಕೋಚ್ ಮೈದಾನದ ಹೊರಗಿನಿಂದಲೇ ಕ್ವಾರ್ಟರ್‌ಬ್ಯಾಕ್ ಜೊತೆ ಮಾತಾಡಬಹುದು, ಗೊತ್ತಾ? ಹೆಲ್ಮೆಟ್ಟಿನೊಳಗೆ ಚಿಕ್ಕ ಸ್ಪೀಕರ್ ಇರುತ್ತೆ, ಹಿಂಭಾಗದಲ್ಲಿ ಗುರುತಿಗೆ ಒಂದು ಹಸಿರು ಚುಕ್ಕೆ. ಇದನ್ನ ಮೊದಲು ಪ್ರಯತ್ನಿಸಿದವರು ಕ್ಲೀವ್‌ಲ್ಯಾಂಡ್‌ನ ಕೋಚ್ ಪಾಲ್ ಬ್ರೌನ್, 1956ರಲ್ಲಿ. ಲೀಗಿನ ಕಮಿಷನರ್ ಬರ್ಟ್ ಬೆಲ್ ಆ ವರ್ಷವೇ ಅದನ್ನ ನಿಷೇಧಿಸಿದ್ರು. ಮತ್ತೆ ಅನುಮತಿ ಸಿಕ್ಕಿದ್ದು 1994ರಲ್ಲಿ. ಆದರೆ ಒಂದು ಷರತ್ತಿದೆ. ಪ್ರತಿ ದಾಳಿ ಶುರು ಮಾಡೋಕೆ ಸಾಮಾನ್ಯವಾಗಿ 40 ಸೆಕೆಂಡ್ ಇರುತ್ತೆ. ಗಡಿಯಾರದಲ್ಲಿ 15 ಸೆಕೆಂಡ್ ಉಳಿದ ತಕ್ಷಣ ರೇಡಿಯೋ ತಾನಾಗೇ ಬಂದ್. ಆಮೇಲೆ ಹುಡುಗ ಒಬ್ಬನೇ.

ಮೆಕ್‌ವೇ ತಮ್ಮ ತಂಡವನ್ನ ಬೇಗ ಬೇಗ ಸಾಲಿಗೆ ನಿಲ್ಲಿಸ್ತಿದ್ರು. ಆಗ ಎದುರಾಳಿಗಳೂ ತಮ್ಮ ಜಾಗಕ್ಕೆ ಬಂದು ನಿಲ್ಲಲೇಬೇಕು. ರೇಡಿಯೋ ಬಂದ್ ಆಗೋ ಮೊದಲೇ ಮೆಕ್‌ವೇ ಅದನ್ನ ಹೊರಗಿನಿಂದ ನೋಡಿ ಗಾಫ್ ಕಿವಿಗೆ ಹೇಳ್ತಿದ್ರು. ನಿಯಮದೊಳಗೇ ಇದ್ದ ಜಾಣತನ.

2017ರ ಫಲಿತಾಂಶ ನೋಡಿ. ಮೊದಲ ಪಂದ್ಯದಲ್ಲೇ 46-9 ಗೆಲುವು. ಗಾಫ್ ಆಡಿದ 15 ಪಂದ್ಯಗಳಲ್ಲಿ 11 ಗೆಲುವು, 28 ಟಚ್‌ಡೌನ್, 7 ಇಂಟರ್‌ಸೆಪ್ಷನ್. ಅಂಕಗಳಲ್ಲಿ ಕೊನೆಯಲ್ಲಿದ್ದ ರ‍್ಯಾಮ್ಸ್ 478 ಅಂಕ ಗಳಿಸಿ ಲೀಗಿಗೇ ಮೊದಲಾಯ್ತು. ಮೆಕ್‌ವೇಗೆ ಆ ವರ್ಷದ ಶ್ರೇಷ್ಠ ಕೋಚ್ ಪ್ರಶಸ್ತಿ.

ಇಲ್ಲಿಗೆ ನಿಲ್ಲಿಸಿದ್ರೆ ಕಥೆ ಸುಲಭ: ಹಳೇ ಕೋಚ್ ಕೆಟ್ಟವರು, ಹೊಸಬರು ಮಾಂತ್ರಿಕ. ನಾನೂ ಹಾಗೇ ನಂಬಿದ್ದೆ. ಅದಕ್ಕೆ ಸಾಕ್ಷಿನೂ ಇತ್ತು. ಫಿಶರ್ ಕೆಳಗೆ 2015ರಲ್ಲಿ ಆಡಿದ್ದ ನಿಕ್ ಫೋಲ್ಸ್ ಮರುವರ್ಷ ಆಟವನ್ನೇ ಬಿಡೋಕೆ ಯೋಚಿಸಿದ್ದ. 2017ರ ಸೀಸನ್ನಿನಲ್ಲಿ ಅದೇ ಫೋಲ್ಸ್ ಫಿಲಡೆಲ್ಫಿಯಾ ತಂಡದ ಜೊತೆ ಸೂಪರ್ ಬೌಲ್ ಗೆದ್ದ. ದಾರಿಯಲ್ಲಿ ಅವನಿಗೆ ಸೋತ ಮಿನ್ನೆಸೋಟಾ ತಂಡದ ಕ್ವಾರ್ಟರ್‌ಬ್ಯಾಕ್ ಯಾರು? ಕೇಸ್ ಕೀನಮ್. ಫಿಶರ್ ಕೆಳಗೆ ಸೋತ ಮೂವರೂ ಒಂದೇ ವರ್ಷ ಬೇರೆ ಬೇರೆ ಕೋಚ್‌ಗಳ ಜೊತೆ ಪ್ಲೇಆಫ್ ಆಡಿದ್ರು.

ಆದ್ರೆ ಫಿಶರ್ ಅವರ ಹಳೇ ಪುಟನೂ ತೆಗೀಬೇಕಲ್ವಾ? 1999ರ ಸೀಸನ್ನಿನಲ್ಲಿ ಸ್ಟೀವ್ ಮೆಕ್‌ನೇರ್ ಅನ್ನೋ ಯುವ ಕ್ವಾರ್ಟರ್‌ಬ್ಯಾಕ್ ಜೊತೆ ಟೆನೆಸೀ ತಂಡವನ್ನ ಸೂಪರ್ ಬೌಲ್‌ವರೆಗೆ ಒಯ್ದವರು ಇದೇ ಫಿಶರ್. ಕೊನೆಯ ಚೆಂಡಿನಲ್ಲಿ ಒಂದೇ ಗಜ ಕಡಿಮೆಯಾಗಿ ಸೋತರು. ಅವರು ಒಂದು ಕಾಲಕ್ಕೆ, ಒಬ್ಬ ಹುಡುಗನಿಗೆ ಸರಿಹೊಂದಿದ್ರು. ಇನ್ನೊಂದು ಕಾಲಕ್ಕೆ ಹೊಂದಲಿಲ್ಲ.

2017ರಲ್ಲಿ ಬದಲಾದದ್ದು ಕೋಚ್ ಮಾತ್ರನೂ ಅಲ್ಲ. ಗಾಫ್‌ನನ್ನ ಕಾಯೋ ಜಾಗಕ್ಕೆ 35 ವರ್ಷದ ಆಂಡ್ರೂ ವಿಟ್‌ವರ್ತ್ ಬಂದ. ಚೆಂಡು ಹಿಡಿಯೋಕೆ ರಾಬರ್ಟ್ ವುಡ್ಸ್, ಕೂಪರ್ ಕಪ್, ಸ್ಯಾಮಿ ವಾಟ್ಕಿನ್ಸ್ ಬಂದ್ರು. ಹಿಂದಿನ ವರ್ಷ 7 ಪಂದ್ಯದಲ್ಲಿ 26 ಸಲ ನೆಲಕ್ಕೆ ಬಿದ್ದ ಹುಡುಗ ಈ ವರ್ಷ 15 ಪಂದ್ಯದಲ್ಲಿ ಬಿದ್ದದ್ದು 25 ಸಲ. ಯಾರದ್ದು ಎಷ್ಟು ಪಾಲು? ಅದನ್ನ ತಕ್ಕಡಿಯಲ್ಲಿಟ್ಟು ತೂಗೋಕೆ ಆಗಲ್ಲ.

2018ರಲ್ಲಿ ರ‍್ಯಾಮ್ಸ್ 13 ಗೆಲುವು, 3 ಸೋಲು. ಸೂಪರ್ ಬೌಲ್ ತಲುಪಿತು. ನಮ್ಮಲ್ಲಿ ಸೋಮವಾರ ಬೆಳಗಿನ ಜಾವ ಐದು ಗಂಟೆ, ಅಲಾರಂ ಇಟ್ಟು ಎದ್ದು ಕೂತಿದ್ದೆ. ಎದುರಿಗೆ ನ್ಯೂ ಇಂಗ್ಲೆಂಡ್, ಕೋಚ್ ಬಿಲ್ ಬೆಲಿಚಿಕ್. ಅವರ ತಂಡದವರು ತಮ್ಮ ನಿಜವಾದ ಯೋಜನೆಯನ್ನ ಕೊನೆಯ ಗಳಿಗೆವರೆಗೂ ಮುಚ್ಚಿಟ್ಟರು. ಮೊದಲು ಒಂದು ರೀತಿ ನಿಲ್ಲೋದು, ಆಮೇಲೆ ಇನ್ನೊಂದು ರೀತಿ ಆಡೋದು. ಅಷ್ಟರಲ್ಲಿ ಕಿವಿಯ ದನಿ ನಿಂತಿರುತ್ತೆ. ಪಂದ್ಯಕ್ಕೆ ಸರಾಸರಿ 32ಕ್ಕೂ ಹೆಚ್ಚು ಅಂಕ ಗಳಿಸ್ತಿದ್ದ ತಂಡ ಅವತ್ತು ಗಳಿಸಿದ್ದು ಬರೀ 3. ಸೋಲು 13-3.

ಜನ ತೀರ್ಪು ತಿರುಗಿಸಿದ್ರು: "ಎಲ್ಲಾ ಕೋಚ್‌ದೇ, ಇವನು ಬರೀ ರಿಮೋಟ್ ಆಟಿಕೆ." ಆದರೂ ರ‍್ಯಾಮ್ಸ್ 2019ರ ಸೆಪ್ಟೆಂಬರ್‌ನಲ್ಲಿ ಅವನಿಗೆ 13.4 ಕೋಟಿ ಡಾಲರ್‌ನ ಹೊಸ ಒಪ್ಪಂದ ಕೊಟ್ಟಿತು. ಮುಂದಿನ ಎರಡು ಸೀಸನ್ನಿನಲ್ಲಿ 29 ಇಂಟರ್‌ಸೆಪ್ಷನ್. 2021ರ ಜನವರಿ ಕೊನೆಗೆ ರ‍್ಯಾಮ್ಸ್ ಅವನನ್ನ ಡೆಟ್ರಾಯಿಟ್ ಲಯನ್ಸ್‌ಗೆ ಕೊಟ್ಟು ಮ್ಯಾಥ್ಯೂ ಸ್ಟಾಫರ್ಡ್‌ನನ್ನ ತಗೊಂಡಿತು. ಬರೀ ಅದಲುಬದಲು ಅಲ್ಲ. ಗಾಫ್ ಜೊತೆಗೆ ಮುಂದಿನ ಡ್ರಾಫ್ಟ್‌ಗಳ ಎರಡು ಮೊದಲ ಸುತ್ತಿನ ಸರದಿ, ಒಂದು ಮೂರನೇ ಸುತ್ತಿನ ಸರದಿಯನ್ನೂ ಸೇರಿಸಿ ಕೊಟ್ಟಿತು. ಅವನಿಗಿನ್ನೂ 26 ವರ್ಷ. ಮರುವರ್ಷವೇ ಸ್ಟಾಫರ್ಡ್ ಜೊತೆ ಮೆಕ್‌ವೇ ಸೂಪರ್ ಬೌಲ್ ಗೆದ್ದರು. ಅವರ ಲೆಕ್ಕ ಸರಿಯೇ ಇತ್ತು, ಒಪ್ಪಬೇಕು.

ಡೆಟ್ರಾಯಿಟ್‌ನಲ್ಲಿ ಹೊಸ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್. 2021ರಲ್ಲಿ ಮೊದಲ 11 ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. ಡಿಸೆಂಬರ್ 5ರಂದು ಮಿನ್ನೆಸೋಟಾ ವಿರುದ್ಧ ಕೊನೆಯ ಚೆಂಡಿನಲ್ಲಿ ಗಾಫ್ ಟಚ್‌ಡೌನ್ ಎಸೆದು ಮೊದಲ ಗೆಲುವು ತಂದ. 2022ಕ್ಕೆ ದಾಳಿಯ ಹೊಣೆ ಹೊತ್ತ ಬೆನ್ ಜಾನ್ಸನ್ ಗಾಫ್ ಜೊತೆ ಕೂತು, ಅವನಿಗೆ ಹೊಂದೋ ಹಾಗೆ ಆಟವನ್ನ ಕಟ್ಟಿದ್ರು. ಆ ವರ್ಷ 29 ಟಚ್‌ಡೌನ್, 7 ಇಂಟರ್‌ಸೆಪ್ಷನ್. 2017ರ ಅಂಕಿ ನೆನಪಿದೆಯಾ? 28 ಮತ್ತು 7. ಮೆಕ್‌ವೇ ದನಿ ಇಲ್ಲದೆಯೂ ಅದೇ ಹುಡುಗ, ಅದೇ ಮಟ್ಟ.

ಆಗ ನಾನು ಹಿಂದಕ್ಕೆ ಹೋಗಿ ಹಳೇ ದಾಖಲೆ ನೋಡಿದೆ. ಬರ್ಕ್ಲಿಯಲ್ಲಿ ಅವನ ಮೊದಲ ವರ್ಷ, 2013. ಅಲ್ಲೂ ಹೊಸ ಕೋಚ್. 1 ಗೆಲುವು, 11 ಸೋಲು. ಎರಡನೇ ವರ್ಷ 5 ಗೆಲುವು, ಮೂರನೇ ವರ್ಷ 8. ಬರ್ಕ್ಲಿ, ಲಾಸ್ ಏಂಜಲೀಸ್, ಡೆಟ್ರಾಯಿಟ್, ಮೂರು ಕಡೆನೂ ಶುರುವಿನಲ್ಲಿ ಏಟು ತಿಂದ. ಮೂರು ಕಡೆನೂ ಎದ್ದ. 2016ರ ಡಿಸೆಂಬರ್‌ನಲ್ಲಿ ನಾನು ಮೆಸೇಜ್ ಬರೆಯೋವಾಗ ಇದರ ಮೊದಲ ಸಾಕ್ಷಿ ಕಣ್ಣೆದುರೇ ಇತ್ತು. ನಾನು ನೋಡಿದ್ದು ಬರೀ ಕೆಲವೇ ಪಂದ್ಯ.

ಹಾಗಂತ ಪ್ರತಿಯೊಬ್ಬ ಸೋತ ಹುಡುಗನಲ್ಲೂ ವಜ್ರ ಅಡಗಿದೆ ಅಂತ ನಾನು ಹೇಳ್ತಿಲ್ಲ. 2007ರ ಡ್ರಾಫ್ಟ್‌ನಲ್ಲಿ ಮೊದಲಿಗನಾದ ಜಮಾರ್ಕಸ್ ರಸೆಲ್ ಓಕ್‌ಲ್ಯಾಂಡ್‌ನಲ್ಲಿ ಇಬ್ಬರು ಕೋಚ್‌ಗಳ ಕೆಳಗೆ ಆಡಿದ. ಮೂರು ಸೀಸನ್ ಆದಮೇಲೆ ಎನ್‌ಎಫ್‌ಎಲ್‌ನಲ್ಲಿ ಮತ್ತೆ ಒಂದು ಪಂದ್ಯವನ್ನೂ ಆಡಲಿಲ್ಲ. ಕೋಚ್ ಬದಲಾದರೆ ಎಲ್ಲಾ ಬದಲಾಗುತ್ತೆ ಅನ್ನೋದೂ ಸುಳ್ಳೇ.

ಹಾಗಾದ್ರೆ ಅಳೆಯೋದು ಹೇಗೆ? ಈಗ ನಾನು ಮೂರು ಪ್ರಶ್ನೆ ಕೇಳ್ತೀನಿ. ಕೋಚ್ ಜೊತೆಗೆ ಇನ್ನೇನೇನು ಬದಲಾಯ್ತು? ಇದಕ್ಕೂ ಮೊದಲು, ಬೇರೆ ಜಾಗದಲ್ಲಿ, ಈ ಹುಡುಗ ಸೋಲಿನಿಂದ ಎದ್ದಿದ್ದನಾ? ಕಿವಿಯ ದನಿ ನಿಂತ ಮೇಲೆ ಉಳಿದ 15 ಸೆಕೆಂಡಿನಲ್ಲಿ ಏನು ಮಾಡ್ತಾನೆ, ಮತ್ತು ಅದು ವರ್ಷದಿಂದ ವರ್ಷಕ್ಕೆ ಸುಧಾರಿಸ್ತಿದೆಯಾ? ಮೂರನೆಯದಕ್ಕೆ ಉತ್ತರ ಒಂದು ಸೀಸನ್ನಿನಲ್ಲಿ ಸಿಗಲ್ಲ. ಗಾಫ್ ವಿಷಯದಲ್ಲಿ ಸಿಗೋಕೆ ಏಳೆಂಟು ವರ್ಷ ಬೇಕಾಯ್ತು.

ಆ ಸಂಕ್ರಾಂತಿಯ ಬೆಳಗ್ಗೆಗೆ ವಾಪಸ್ ಬರೋಣ. ಎದುರು ತಂಡ ರ‍್ಯಾಮ್ಸ್. ಕೋಚ್ ಮೆಕ್‌ವೇ, ಕ್ವಾರ್ಟರ್‌ಬ್ಯಾಕ್ ಸ್ಟಾಫರ್ಡ್. ಗಾಫ್ 27 ಪಾಸ್ ಎಸೆದ, 22 ಮುಟ್ಟಿದವು. ಡೆಟ್ರಾಯಿಟ್ 24, ರ‍್ಯಾಮ್ಸ್ 23. ಆ ಊರಿಗೆ 32 ವರ್ಷದ ಮೇಲೆ ಸಿಕ್ಕ ಮೊದಲ ಪ್ಲೇಆಫ್ ಗೆಲುವು. ಎರಡು ವಾರ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋ ತಂಡದ ವಿರುದ್ಧ 24-7ರಿಂದ ಮುಂದಿದ್ದವರು 34-31ರಿಂದ ಸೋತರು, ಸೂಪರ್ ಬೌಲ್ ತಪ್ಪಿತು. ಆದ್ರೂ ಆ ಮೇ ತಿಂಗಳಲ್ಲಿ ಲಯನ್ಸ್ ಅವನಿಗೆ 21.2 ಕೋಟಿ ಡಾಲರ್‌ನ ಒಪ್ಪಂದ ಕೊಟ್ಟಿತು.

ಇದನ್ನ ಕೇಳ್ತಿರೋರಲ್ಲಿ ಎಷ್ಟೋ ಜನ ಮೊದಲ ಕೆಲಸದ ಮೊದಲ ವರ್ಷದಲ್ಲಿರ್ತೀರ. ನನ್ನ ಮೊದಲ ಅಪ್ರೈಸಲ್‌ನಲ್ಲಿ ಬಂದ ರೇಟಿಂಗ್ ನಾನು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಅದು ಸುಳ್ಳಾಗಿರಲಿಲ್ಲ. ಪೂರ್ತಿನೂ ಆಗಿರಲಿಲ್ಲ. ಅದು ನನ್ನ 7 ಪಂದ್ಯ ಅಷ್ಟೇ.

ಆ ಹಳೇ ಮೆಸೇಜ್ ಇನ್ನೂ ಗ್ರೂಪಿನಲ್ಲಿದೆ, ಡಿಲೀಟ್ ಮಾಡಿಲ್ಲ. ಯಾರನ್ನಾದ್ರೂ "ಮುಗೀತು" ಅನ್ನೋಕೆ ಬಾಯಿ ಬಂದಾಗ ಮೇಲಕ್ಕೆ ಸ್ಕ್ರಾಲ್ ಮಾಡಿ ಒಂದ್ಸಲ ಓದ್ಕೋತೀನಿ.