ಹೆಸರು ಹೇಳುವ ಹುಬ್ಬಳ್ಳಿ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಯವರಿಗೆ ದೊಡ್ಡ ಪೇಟೆಯೆಂದರೆ ಹುಬ್ಬಳ್ಳಿ. ಮದುವೆಯ ಜವಳಿಗೋ, ಹತ್ತಿ ಮಾರಲಿಕ್ಕೋ ಬಂದವರು ಸಂಜೆಯ ಬಸ್ಸಿಗೆ ಊರು ಸೇರುತ್ತಾರೆ. ನಡುವೆ ಬಿಡುವು ಸಿಕ್ಕರೆ ಓಣಿಗಳ ಹೆಸರನ್ನು ಓದುತ್ತ ನಡೆಯಬೇಕು. ಊರು ಬೆಳೆದ ಬಗೆ ಅವುಗಳಲ್ಲಿಯೇ ಇದೆ.

ದುರ್ಗದ ಬೈಲನ್ನೇ ನೋಡಿ. ದುರ್ಗವೆಂದರೆ ಕೋಟೆ, ಬೈಲೆಂದರೆ ಬಯಲು. ಈಗಲ್ಲಿ ಅಂಗಡಿಗಳ ಸಂದಣಿ. ಕೋಟೆಯ ನೆನಪು ಹೆಸರಿನಲ್ಲಿದೆ. ಜವಳಿ ಸಾಲು ಬಟ್ಟೆ ವ್ಯಾಪಾರದ ಕೇರಿ. ಮರಾಠಾ ಗಲ್ಲಿಯ ಹೆಸರು, ಈ ನಾಡು ಒಮ್ಮೆ ಪೇಶ್ವೆಯರ ಕೈಯಲ್ಲಿದ್ದುದನ್ನೂ, 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದನ್ನೂ ನೆನಪಿಗೆ ತರುತ್ತದೆ.

1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಬಂದಿತು, ಕಾರ್ಯಾಗಾರ ಶುರುವಾಯಿತು. ಎರಿ ನೆಲದ ಹತ್ತಿಗೆ ದೂರದ ಬಂದರುಗಳ ದಾರಿ ತೆರೆಯಿತು. ಊರು ಹಳಿಯಾಚೆ ಕೇಶ್ವಾಪುರದತ್ತಲೂ ಹಬ್ಬಿತು. 1947ರಲ್ಲಿ ಆರಂಭವಾದ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು ಇರುವ ಕಡೆಗೆ ವಿದ್ಯಾನಗರವೆಂಬ ಹೆಸರು ಒಪ್ಪುತ್ತದೆ.

ಅದೇ ಧಾರವಾಡ ರಸ್ತೆಯಲ್ಲಿ ಮುಂದಿರುವುದು ಉಣಕಲ್. ಅಲ್ಲಿಯ ಚಂದ್ರಮೌಳೇಶ್ವರ ಗುಡಿ ಚಾಲುಕ್ಯರ ಕಾಲದ್ದು. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಈ ಗುಡಿಯನ್ನು ಇಂದು ಮನೆಗಳು ಸುತ್ತುವರಿದಿವೆ. ಹುಬ್ಬಳ್ಳಿ-ಧಾರವಾಡಗಳು 1962ರಲ್ಲಿ ಒಂದೇ ಮಹಾನಗರವಾದವು. ಹಳ್ಳಿಯಾಗಿದ್ದ ಉಣಕಲ್ ಬಡಾವಣೆಯಾಯಿತು, ಆದರೆ ಹೆಸರನ್ನು ಬಿಡಲಿಲ್ಲ.

ಪೇಟೆಯ ಅಂಚಿನ ಹೊಲಗಳು ನಿವೇಶನಗಳಾಗುವಾಗ ನೆನೆಯಬೇಕಾದದ್ದು ಇದನ್ನೇ. ಹೊಲ ಮಾರಿದ ಮೇಲೂ ಅದರ ಹೆಸರು ಬೀದಿಗೆ ಉಳಿದರೆ, ಅಲ್ಲಿ ಯಾರು ಏನು ಬೆಳೆದರೆಂದು ಕೇಳಲು ಮೊಮ್ಮಕ್ಕಳಿಗೆ ಒಂದು ಎಳೆಯಾದರೂ ಸಿಕ್ಕೀತು.