ಶಿಫಾರಸು ಪತ್ರ ಬರೆಯೋರು ಯಾರು?

ಸ್ವಲ್ಪ ಉದ್ದ ಆಗಿದೆ, ಪುರುಸೊತ್ತಿದ್ದಾಗ ಓದಿ.

ಹೋದ ವಾರ ಸಿದ್ದಾಪುರ ಕಡೆಯ ನಮ್ಮ ಜನರ ಹುಡುಗಿಯೊಬ್ಬಳು ಶಿರಸಿಗೆ ನನ್ನ ಮನೆಗೆ ಬಂದಿದ್ದಳು. ಧಾರವಾಡದಲ್ಲಿ ಎಂ.ಎ. ಮುಗಿಸಿದವಳು. ಅಪ್ಪ ಅಮ್ಮ ಇಬ್ಬರೂ ಅಡಿಕೆ ತೋಟದ ಕೂಲಿ. "ಅಣ್ಣ, ಅಮೆರಿಕದ ಯೂನಿವರ್ಸಿಟಿಗೆ ಅರ್ಜಿ ಹಾಕ್ಬೇಕು. ಮೂರು ಜನರ ಶಿಫಾರಸು ಪತ್ರ ಕೇಳ್ತಾರೆ. ಎಂತ ಮಾಡೋದು?" ಅಂದಳು. ಒಂದು ಪತ್ರ ಆಗಲೇ ತಂದಿದ್ದಳು. ತೆಗೆದು ನೋಡಿದರೆ ಎರಡೇ ಸಾಲು: ಈಕೆ ನಮ್ಮಲ್ಲಿ ಓದಿದ್ದಾಳೆ, ನಡತೆ ತೃಪ್ತಿಕರ. ಅದು ನಡತೆ ಪ್ರಮಾಣಪತ್ರ ಮಾರಾಯ್ರೆ! ಅಲ್ಲಿಯವರು ಕೇಳೋದು ಬೇರೆ. ಈ ಹುಡುಗಿ ಹೇಗೆ ಯೋಚನೆ ಮಾಡ್ತಾಳೆ, ಏನು ಬರೆದಿದ್ದಾಳೆ, ಸಂಶೋಧನೆ ಮಾಡೋ ತಾಕತ್ತು ಇದೆಯಾ ಅಂತ ಹತ್ತಿರದಿಂದ ನೋಡಿದ ಮೇಷ್ಟ್ರು ಒಂದೆರಡು ಪುಟ ಬರೀಬೇಕು. ಐದು ವರ್ಷ ಕಾಲೇಜಿಗೆ ಹೋದ ಇವಳ ಹೆಸರು ಹಿಡಿದು ಮಾತಾಡಿಸಿದ ಮೇಷ್ಟ್ರು ಎಷ್ಟು ಜನ ಅಂತ ಕೇಳಿದೆ. ಬೆರಳು ಎಣಿಸಿದಳು. ಇಬ್ಬರು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ತೋಟದ ಮನೆಗಳಿಗೆ ಅಮೆರಿಕ ಹೊಸದಲ್ಲ. ಮಗನೋ ಸೊಸೆಯೋ ಅಲ್ಲಿದ್ದಾರೆ. ಅರ್ಜಿ ಯಾವಾಗ, ಯಾವ ಪರೀಕ್ಷೆ, ಪ್ರಬಂಧದಲ್ಲಿ ಎಂತ ಬರೀಬೇಕು ಅನ್ನೋದು ಒಂದು ಫೋನಿನಲ್ಲಿ ಗೊತ್ತಾಗ್ತದೆ. ಅದೇ ತೋಟದ ಅಡಿಕೆ ಸುಲಿದವರ ಮನೆಗೆ ಈ ಸುದ್ದಿ ಬರೋದೇ ಇಲ್ಲ. ನಾವು ಇದಕ್ಕೆ ಪ್ರತಿಭೆ ಅಂತ ಹೆಸರಿಟ್ಟುಕೊಂಡು ಕೂತಿದ್ದೇವೆ.

ಬಾಬಾಸಾಹೇಬರ ವಿಷಯದಲ್ಲೂ ಹೀಗೇ ಮಾಡ್ತೇವೆ. ಜಯಂತಿ ಭಾಷಣದಲ್ಲಿ ಒಂದೇ ಸಾಲು: ಪ್ರತಿಭೆಯಿಂದ ಕೊಲಂಬಿಯಾಕ್ಕೆ ಹೋದರು. ನಾನೂ ಇಪ್ಪತ್ತು ವರ್ಷ ಇದನ್ನೇ ಹೇಳಿದ್ದೇನೆ, ಒಪ್ಕೊಳ್ತೇನೆ. ಆದರೆ ಆ ಪ್ರಯಾಣದ ಹಿಂದೆ ಯಾರು ಯಾರು ಇದ್ದರು ನೋಡಿ. 1907ರಲ್ಲಿ ಮೆಟ್ರಿಕ್ ಪಾಸಾದಾಗ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅನ್ನೋ ಮೇಷ್ಟ್ರು ತಾವು ಬರೆದ ಬುದ್ಧನ ಚರಿತ್ರೆಯನ್ನು ಹುಡುಗನ ಕೈಗಿಟ್ಟರು. ಮುಂದೆ ಮನೆಯಲ್ಲಿ ಓದಿಸೋಕೆ ದುಡ್ಡಿಲ್ಲ ಅಂದಾಗ ಅದೇ ಕೇಳುಸ್ಕರ್ ಬರೋಡದ ಸಯಾಜಿರಾವ್ ಗಾಯಕವಾಡರ ಹತ್ತಿರ ಕರೆದುಕೊಂಡು ಹೋದರು. ತಿಂಗಳಿಗೆ 25 ರೂಪಾಯಿ ಮಂಜೂರಾಯ್ತು. ಕೇಳುಸ್ಕರ್ ನಮ್ಮ ಜಾತಿಯವರಲ್ಲ. ನಮ್ಮ ಚರಿತ್ರೆಯ ಮೊದಲ ಶಿಫಾರಸು ಅಂತ ನಾನು ಲೆಕ್ಕ ಹಾಕೋದು ಅದನ್ನೇ.

1913ರ ಫೆಬ್ರುವರಿ 2ಕ್ಕೆ ತಂದೆ ರಾಮಜಿ ತೀರಿಕೊಂಡರು. ಜೂನ್ 4ಕ್ಕೆ ಬರೋಡ ಸರ್ಕಾರಕ್ಕೆ ಕರಾರು ಬರೆದುಕೊಟ್ಟರು: ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷ ವಿದ್ಯಾರ್ಥಿವೇತನ, ವಾಪಸ್ ಬಂದು ಹತ್ತು ವರ್ಷ ಬರೋಡದ ನೌಕರಿ. ಜುಲೈನಲ್ಲಿ ನ್ಯೂಯಾರ್ಕ್. ಅಪ್ಪ ಸತ್ತ ಆರು ತಿಂಗಳ ಒಳಗೆ! ಅಲ್ಲಿ ಅರ್ಥಶಾಸ್ತ್ರ ಮಾತ್ರ ಓದಲಿಲ್ಲ. ಇತಿಹಾಸ, ಸಮಾಜಶಾಸ್ತ್ರ, ಮಾನವಶಾಸ್ತ್ರ ಎಲ್ಲದಕ್ಕೂ ನುಗ್ಗಿದರು. 1915ರ ಎಂ.ಎ. ಪ್ರಬಂಧ ಪ್ರಾಚೀನ ಭಾರತದ ವಾಣಿಜ್ಯದ ಮೇಲೆ. 1916ರ ಮೇ 9ರಂದು ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ಸೆಮಿನಾರಿನಲ್ಲಿ ಭಾರತದ ಜಾತಿಗಳು ಹೇಗೆ ಹುಟ್ಟಿದವು ಅಂತ ಪ್ರಬಂಧ ಓದಿದರು. ವಯಸ್ಸು 25. ಅದೇ ವರ್ಷ ಲಂಡನ್ನಿಗೆ ಹೊರಟರು. ಗುರು ಸೆಲಿಗ್ಮನ್, ಅಲ್ಲಿಯ ಪ್ರಾಧ್ಯಾಪಕ ಫಾಕ್ಸ್‌ವೆಲ್ ಅವರಿಗೆ ಇವರ ಪರವಾಗಿ ಪತ್ರ ಬರೆದರು. ಅಂಥ ಮೇಧಾವಿಗೂ ಪತ್ರ ಬೇಕಾಗಿತ್ತು. 1917ರಲ್ಲಿ ಕರಾರಿನಂತೆ ಬರೋಡಕ್ಕೆ ಬಂದರೆ ಇರೋಕೆ ಒಂದು ಕೋಣೆ ಸಿಗಲಿಲ್ಲ, ಅದು ನಿಮಗೆಲ್ಲ ಗೊತ್ತಿರೋ ಕತೆ.

ನಮ್ಮ ಜಿಲ್ಲೆಗೆ ಸಂಬಂಧಪಟ್ಟ ಕತೆ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. 1862ರಿಂದ ನಾವು ಮುಂಬಯಿ ಪ್ರಾಂತ್ಯದಲ್ಲಿದ್ದೆವು. 1928ರಲ್ಲಿ ಬಾಬಾಸಾಹೇಬರು ದಲಿತರ ಶಿಕ್ಷಣ ಸಂಸ್ಥೆ ಕಟ್ಟಿದರು. ಆ ಪ್ರಯತ್ನದಿಂದ ಪ್ರಾಂತ್ಯದಲ್ಲಿ ಐದು ಹಾಸ್ಟೆಲ್ ಆದವು: ಪನವೇಲ್, ಠಾಣೆ, ನಾಸಿಕ್, ಪುಣೆ, ಐದನೆಯದು ಧಾರವಾಡ. ಕನ್ನಡ ಸೀಮೆಗೆ ಇದ್ದದ್ದು ಅದೊಂದೇ. ಘಟ್ಟದ ಮೇಲಿನ ನಮ್ಮ ಹುಡುಗರಿಗೆ ಅಮೆರಿಕದ ದಾರಿಯ ಮೊದಲ ಮೆಟ್ಟಿಲು ಅಲ್ಲಿತ್ತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದದ್ದು ಊರಿಗೆಲ್ಲ ಬಾಯಿಪಾಠ. ಧಾರವಾಡದ ಹಾಸ್ಟೆಲ್ ಬಗ್ಗೆ ನಮ್ಮ ಮಕ್ಕಳಿಗೆ ಹೇಳಿದವರು ಯಾರು?

ಈಗ ಹುಡುಗಿ ವಿಷಯಕ್ಕೆ ಬರ್ತೇನೆ. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿದಾರರಿಗೆ ಭೂಮಿ ಬಂತು, ಅದೇ ಭೂಮಿಯಲ್ಲಿ ಕೂಲಿ ಮಾಡಿದವರಿಗೆ ಯಾಕೆ ಬರಲಿಲ್ಲ ಅನ್ನೋದು ಅವಳ ಪ್ರಶ್ನೆ. ಅಪ್ಪನ ಪ್ರಶ್ನೆ, ನನ್ನ ಅಪ್ಪನದೂ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆಯಲ್ಲ, 1954-55ರಲ್ಲಿ ಶುರುವಾದದ್ದು, ಅದಕ್ಕೆ ಹಾಕು ಅಂತ ಹೇಳೋಕೆ ಹೊರಟೆ. ವರ್ಷಕ್ಕೆ 125 ಜನ, ಅದರಲ್ಲಿ 115 ಪರಿಶಿಷ್ಟ ಜಾತಿಗೆ. ಸ್ನಾತಕೋತ್ತರ, ಪಿಎಚ್‌ಡಿಗೆ ಮಾತ್ರ. ವಯಸ್ಸು 35ರ ಒಳಗೆ, ಮನೆಯ ವರಮಾನ 8 ಲಕ್ಷದ ಒಳಗೆ. ಎಲ್ಲ ಸರಿ. ಆದರೆ 2022ರಲ್ಲಿ ತಂದ ನಿಯಮದ ಪ್ರಕಾರ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಮೇಲೆ ಸಂಶೋಧನೆ ಮಾಡುವವರಿಗೆ ದುಡ್ಡಿಲ್ಲ. ಇದೇ ನಿಯಮ ಬರೋಡದಲ್ಲಿ ಇದ್ದಿದ್ದರೆ ಮೇ 9ರ ಆ ಪ್ರಬಂಧ ಎಲ್ಲಿರುತ್ತಿತ್ತು? 2025ರಲ್ಲಂತೂ ಆಯ್ಕೆಯಾದ 106 ಜನರಲ್ಲಿ ಮೊದಲು ಪತ್ರ ಸಿಕ್ಕಿದ್ದು 40 ಜನರಿಗೆ. ಉಳಿದವರಿಗೆ ಹಣ ಇದ್ದರೆ ನೋಡೋಣ ಅಂದರು.

"ವಿಷಯ ಬದಲು ಮಾಡ್ಲಾ ಅಣ್ಣ?" ಅಂತ ಕೇಳಿದಳು. ರಾತ್ರಿ ಹನ್ನೊಂದರ ತನಕ ಇದೇ ಚರ್ಚೆ. ಇನ್ನೊಂದು ದಾರಿ ಇದೆ, ಓದೋ ಮಕ್ಕಳೆಲ್ಲ ಗಮನಿಸಿ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿಗೆ ಸೀಟು ಕೊಟ್ಟರೆ ಸಾಮಾನ್ಯವಾಗಿ ಫೀಸು, ಖರ್ಚು ಎಲ್ಲ ಅವರೇ ನೋಡ್ಕೊಳ್ತಾರೆ. ಸರ್ಕಾರದ ಮುಂದೆ ವಿಷಯಕ್ಕಾಗಿ ಕೈಮುಗಿಯೋದು ಬೇಡ. ಆದರೆ ಒಂದು ವಿಭಾಗ ತಗೊಳ್ಳೋದು ಕೆಲವೇ ಜನರನ್ನ, ಅರ್ಜಿ ನೂರಾರು. ಒಂದೊಂದು ಅರ್ಜಿಗೆ 100 ಡಾಲರ್ ಆಸುಪಾಸು ಶುಲ್ಕ. ಕಷ್ಟ ಅಂತ ಇಮೇಲ್ ಬರೆದು ಕೇಳಿದರೆ ಎಷ್ಟೋ ಕಡೆ ಬಿಡ್ತಾರೆ, ನಾಚಿಕೆ ಬೇಡ. ಇಂಗ್ಲಿಷ್ ಪರೀಕ್ಷೆಗೆ ಬೇರೆ ಹದಿನೈದು ಸಾವಿರದ ಮೇಲೆ. ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯನ್ನೂ ವಿಚಾರಿಸಿ.

ಜೊತೆಗೆ ಬಂದಿದ್ದ ಯಲ್ಲಾಪುರದ ಸಿದ್ದಿ ಹುಡುಗ ಅರ್ಜಿ ನೋಡಿ, "ಮೂಲ ಜನಾಂಗ ಅಂತಿದೆ, ನಾನು ಹಾಕಿದ್ರೆ ಏಷ್ಯಾ ಅಂತ ಬರೀಬೇಕೋ ಆಫ್ರಿಕಾ ಅಂತಲೋ?" ಅಂದ. ನಕ್ಕೆವು. ಅವನ ಜನಕ್ಕೆ ಇಲ್ಲಿ ಪರಿಶಿಷ್ಟ ಪಂಗಡ ಅಂತ ಬರೆಸಿಕೊಳ್ಳೋಕೆ 2003 ಬರಬೇಕಾಯ್ತು. ಜಾತಿ ಅನ್ನೋ ಕಾಲಂ ಮಾತ್ರ ಆ ಅರ್ಜಿಯಲ್ಲಿ ಇರಲಿಲ್ಲ.

ಹುಡುಗಿ ವಿಷಯ ಬದಲು ಮಾಡಿಲ್ಲ. ಪಿಎಚ್‌ಡಿಗೇ ಹಾಕ್ತಾಳೆ. ಡಿಸೆಂಬರ್ ಮಧ್ಯಕ್ಕೆ ಕೊನೆ ದಿನ. ಇಬ್ಬರು ಮೇಷ್ಟ್ರು ಒಪ್ಪಿದ್ದಾರೆ, ಮೂರನೇ ಪತ್ರ ಬಾಕಿ. ನಾಳೆ ಬೆಳಗಿನ ಹುಬ್ಬಳ್ಳಿ ಬಸ್ಸಿಗೆ ಅವಳ ಜೊತೆ ಧಾರವಾಡಕ್ಕೆ ಹೊರಟಿದ್ದೇನೆ. ಇತಿಹಾಸ, ಸಮಾಜಶಾಸ್ತ್ರ ಕಲಿಸುವವರು, ಅವಳ ಬರಹ ಓದಿ ನಿಜವಾದ ಪತ್ರ ಬರೆಯುವವರು ಈ ಪೋಸ್ಟ್ ನೋಡಿದ್ದರೆ ನನಗೊಂದು ಮೆಸೇಜ್ ಹಾಕಿ.