ಹೆಸರಿಲ್ಲದ ನಾವಿಕ: ಸ್ಪೇನ್‌ನ ಒಂದು ವಿರಹದ ಹಾಡು ಯಾರಿಗಾಗಿ ಅತ್ತಿತು?

ಬ್ರೇಕಪ್ ಆದಾಗ ಒಂದೇ ಹಾಡನ್ನ ರಿಪೀಟ್‌ನಲ್ಲಿ ಹಾಕ್ಕೊಂಡು ಕೇಳೋದು ನಮಗೇನೂ ಹೊಸದಲ್ಲ. ಆದ್ರೆ ಇವತ್ತಿನ ಕಥೆಯಲ್ಲಿ, ಬಹಿರಂಗವಾಗಿ ಅಳೋಕೇ ಆಗದ ಹೆಂಗಸರು ಒಂದು ಹಾಡಿನೊಳಗೆ ಅತ್ತರು.

ಹಾಡಿನ ಹೆಸರು 'ತತುವಾಹೆ'. ಹಾಗಂದ್ರೆ ಹಚ್ಚೆ. 1941ರ ಹಾಡು. ಬರೆದವರು ರಫಾಯೆಲ್ ದೆ ಲಿಯೋನ್ ಮತ್ತು ಸಾಂದ್ರೋ ವಲೇರಿಯೋ, ಸಂಗೀತ ಮಾನ್ವೆಲ್ ಕಿರೋಗಾ ಅವರದ್ದು. ಮನೆಮಾತಾಗಿಸಿದ್ದು ವಲೆನ್ಸಿಯಾದ ಗಾಯಕಿ ಕೊಂಚಾ ಪಿಕೆರ್. ಕೆಲವೇ ನಿಮಿಷಗಳಲ್ಲಿ ಪೂರ್ತಿ ಕಥೆ ಹೇಳುವ ಇಂಥ ಹಾಡುಗಳಿಗೆ ಅಲ್ಲಿ 'ಕೋಪ್ಲಾ' ಅಂತಾರೆ.

ಕಥೆ ಇಷ್ಟೇ. ಒಂದು ಬಂದರಿಗೆ ವಿದೇಶಿ ನಾವಿಕ ಬರ್ತಾನೆ. ಕುಡಿಯುತ್ತಾ ಕೂತವನು ತೋಳಿನ ಮೇಲಿನ ಹಚ್ಚೆ ತೋರಿಸ್ತಾನೆ. ಅದು ಅವನನ್ನು ಮರೆತುಹೋದ ಹೆಣ್ಣಿನ ಹೆಸರು. ಕೇಳಿಸಿಕೊಂಡ ಹೆಂಗಸು ಅವನನ್ನೇ ಪ್ರೀತಿಸ್ತಾಳೆ. ಅವನು ಹೊರಟುಹೋಗ್ತಾನೆ. ಅವಳು ಅವನ ಹೆಸರನ್ನು ತನ್ನ ಮೈಮೇಲೆ ಹಚ್ಚೆ ಹಾಕಿಸಿಕೊಂಡು, ಬಂದರಿನ ಮದ್ಯದಂಗಡಿಗಳಲ್ಲಿ ಅವನನ್ನು ಹುಡುಕುತ್ತಾ ಅಲೀತಾಳೆ.

ಈಗ ಇಸವಿ ನೋಡಿ. ಸ್ಪೇನ್‌ನ ಅಂತರ್ಯುದ್ಧ ಮುಗಿದದ್ದು 1939ರಲ್ಲಿ. ಗೆದ್ದವನು ಸರ್ವಾಧಿಕಾರಿ ಫ್ರಾಂಕೋ. ಆ ವರ್ಷದ ಆರಂಭದಲ್ಲೇ ಸುಮಾರು 5 ಲಕ್ಷ ಜನ ಗಡಿ ದಾಟಿ ಫ್ರಾನ್ಸ್‌ಗೆ ಓಡಿದ್ದರು. ಸಾವಿರಾರು ಗಂಡಸರು ಜೈಲಲ್ಲಿ. ಎಷ್ಟೋ ಮಂದಿ ಗುರುತೇ ಇಲ್ಲದ ಸಾಮೂಹಿಕ ಗುಂಡಿಗಳಲ್ಲಿ. ಗೆದ್ದ ಕಡೆಯ ಸತ್ತವರಿಗೆ ಸ್ಮಾರಕ ಎದ್ದವು. ಸೋತ ಕಡೆಯ ಹೆಂಡತಿಗೆ ಬಹಿರಂಗವಾಗಿ ಶೋಕಿಸುವ ಅವಕಾಶವೂ ಇರಲಿಲ್ಲ. ಸತ್ತ ಅಂತ ಅಳೋ ಹಾಗಿಲ್ಲ, ಬರ್ತಾನೆ ಅಂತ ನಂಬೋ ಹಾಗೂ ಇಲ್ಲ.

ಆದ್ರೆ ಒಬ್ಬ ನಾವಿಕನಿಗಾಗಿ ಅಳುವ ಹಾಡು ಹಾಡಬಹುದಿತ್ತು. ರೇಡಿಯೋದಲ್ಲೇ ಬರ್ತಿತ್ತಲ್ಲ!

ಇದನ್ನು ಗುರುತಿಸಿದವರಲ್ಲಿ ಒಬ್ಬರು ಬಾರ್ಸಿಲೋನಾದ ಲೇಖಕ ಮಾನ್ವೆಲ್ ವಾಸ್ಕೆಸ್ ಮೊಂತಾಲ್ಬಾನ್. ಹುಟ್ಟಿದ್ದು 1939ರಲ್ಲೇ, ಅಪ್ಪ ಜೈಲು ಕಂಡವರು. ಬಡ ಕೇರಿಯ ಹೆಂಗಸರು ಇಂಥ ಹಾಡು ಹಾಡುತ್ತಾ ತಮ್ಮದೇ ಬದುಕಿನ ಮೇಲಿನ ಸಿಟ್ಟನ್ನೂ ಹೊರಹಾಕ್ತಿದ್ದರು ಅನ್ನೋದು ಅವರ ಓದು. ಲೇಖಕಿ ಕಾರ್ಮೆನ್ ಮಾರ್ತೀನ್ ಗೈತೆ ಕೂಡ ಕೊಂಚಾ ಪಿಕೆರ್ ಹಾಡುಗಳ ಬಗ್ಗೆ ಬರೆದರು. ಹೆಣ್ಣು ಅಂದ್ರೆ ಮನೆ, ಗಂಡ, ಮಕ್ಕಳು ಅಂತ ಸರ್ಕಾರ ಪಾಠ ಹೇಳ್ತಿದ್ದಾಗ, ಆ ಹಾಡುಗಳ ನಾಯಕಿಯರು ಬೀದಿಯಲ್ಲಿ ಅಲೀತಿದ್ದರು.

ಸಿಕ್ಕಿದ್ರೆ ಈ ಹಾಡು ಕೇಳಿ. ಭಾಷೆ ಬರದಿದ್ರೂ ಒಂದು ವಿಷಯ ನೆನಪಿರಲಿ: ಹಚ್ಚೆಯಲ್ಲಿರೋ ಆ ನಾವಿಕನ ಹೆಸರೇನು ಅಂತ ಹಾಡು ಕೊನೆಗೂ ಹೇಳೋದಿಲ್ಲ. ಹಾಡುವವಳು ತನ್ನವನ ಹೆಸರನ್ನು ಮನಸ್ಸಲ್ಲೇ ಅಲ್ಲಿ ಬರ್ಕೋಬಹುದಿತ್ತು.